ಎರಡು ಶೆಡ್ಡಿಗೊಂದು ಕಂಪ್ಯೂಟರು

ಪೀಣ್ಯದ ಎರಡನೇ ಹಂತದಲ್ಲಿ ನಾನು ಕೆಲಸ ಮಾಡುತ್ತಿದ್ದ ಶೆಡ್ಡಿಗೂ ಪಕ್ಕದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಎದೆಮಟ್ಟಕ್ಕೆ ಎರಡು ಇಟ್ಟಿಗೆ ತೆಗೆದು ಮಾಡಿದ ಒಂದು ಕಿಂಡಿ. ಯಾರು ತೆಗೆದರೋ ಗೊತ್ತಿಲ್ಲ. ನಾನು ಡಿಪ್ಲೊಮಾ ಮುಗಿಸಿ ಬಾಗಲಗುಂಟೆಯ ಮನೆಯಿಂದ ಕೆಲಸಕ್ಕೆ ಹೋಗಲು ಶುರು ಮಾಡಿದಾಗಲೇ ಅದರ ಅಂಚು ಕೈ ತಾಗಿ ತಾಗಿ ನುಣ್ಣಗಾಗಿತ್ತು. ಡ್ರಿಲ್ಲಿನ ಬಿಟ್, ಮೈಕ್ರೋಮೀಟರು, ಕರಿಬೇವು, ಹಬ್ಬದ ಒಬ್ಬಟ್ಟು ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು.

ನಮ್ಮ ಓನರ್ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು, ಬೇಗ ನಿವೃತ್ತಿ ತೆಗೆದುಕೊಂಡು, ಎರಡು ಲೇತ್ ಹಾಕಿಕೊಂಡವರು. ಪಕ್ಕದ ಶೆಡ್ಡು ಒಬ್ಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಮೆಷಿನು ಮಾರಿಬಿಡು ಎಂದು ನೆಂಟರೆಲ್ಲ ದುಂಬಾಲು ಬಿದ್ದರೂ ಕೇಳದೆ, ತಾವೇ ಉಕ್ಕು ಉಜ್ಜಿ ನುಣುಪು ಮಾಡುವ ಗ್ರೈಂಡಿಂಗ್ ಕಲಿತು ನಿಂತವರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ನೀರಿನ ಪಂಪು ತಯಾರಿಸುವ ಒಂದು ದೊಡ್ಡ ಕಂಪನಿಗೆ ಎರಡೂ ಶೆಡ್ಡಿನವರು ಒಂದೇ ಬಗೆಯ ಉಕ್ಕಿನ ಪಿನ್ ಮಾಡಿಕೊಡುತ್ತಿದ್ದೆವು. ಅರ್ಧ ಆರ್ಡರು ನಮಗೆ, ಅರ್ಧ ಅವರಿಗೆ. ಪಿನ್ನಿನ ಅಳತೆ ಸರಿಯಿದೆಯೇ ಎಂದು ತೂರಿಸಿ ನೋಡಲು ಉಕ್ಕಿನ ಒಂದು ಉಂಗುರ ಬೇಕು, ಅದಕ್ಕೆ ಗೇಜ್ ಎನ್ನುತ್ತೇವೆ. ಎರಡು ಶೆಡ್ಡಿಗೂ ಸೇರಿ ಇದ್ದದ್ದು ಒಂದೇ ಗೇಜು, ಅದೂ ಅಕ್ಕನದು. ಬೆಳಿಗ್ಗೆ ಅವರಲ್ಲಿ, ಊಟದ ಮೇಲೆ ನಮ್ಮಲ್ಲಿ.

ಹಾಗಂತ ನಮ್ಮ ನಡುವೆ ಪೈಪೋಟಿ ಇರಲಿಲ್ಲ ಎಂದುಕೊಳ್ಳಬೇಡಿ. ನಮ್ಮ ಪಿನ್ನು ನಾಲ್ಕು ವಾಪಸ್ ಬಂದರೆ ಸಾಕು, ಅಕ್ಕ ಕಿಂಡಿಯಲ್ಲಿ ಮುಖವಿಟ್ಟು ದಿನವಿಡೀ ಆಡಿಕೊಳ್ಳುತ್ತಿದ್ದರು. ಅವರದು ವಾಪಸ್ ಬಂದ ದಿನ ನಾನೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಾಗ ಕಂಪನಿ ಹೊಸ ಪದ್ಧತಿ ತಂದಿತು. ಆರ್ಡರು ಬೇಕಾದವರು ಇಂಟರ್‌ನೆಟ್ಟಿನಲ್ಲಿ ಹರಾಜಿಗೆ ಕೂರಬೇಕು. ನಮಗೆ ಗೊತ್ತಿದ್ದ ಹರಾಜಿನಲ್ಲಿ ಬೆಲೆ ಏರುತ್ತದೆ, ಇಲ್ಲಿ ಇಳಿಯುತ್ತದೆ. ಎಲ್ಲರಿಗಿಂತ ಕೆಳಗಿಳಿದವರಿಗೆ ಪೂರ್ತಿ ಆರ್ಡರು. ಎದುರಿಗಿರುವವರು ಯಾರೆಂದು ಪರದೆಯಲ್ಲಿ ಕಾಣುವುದಿಲ್ಲ. ಇದನ್ನೆಲ್ಲ ವಿವರಿಸಲು ನಮ್ಮನ್ನು ವೈಟ್‌ಫೀಲ್ಡಿನ ಹೋಟೆಲೊಂದರ ತಣ್ಣನೆಯ ಹಾಲಿಗೆ ಕರೆಸಿದರು. ಟೈ ಕಟ್ಟಿದ್ದ ತರಬೇತುದಾರ, ಪ್ರತಿಯೊಬ್ಬರೂ ತಮ್ಮ ಲಾಭವನ್ನಷ್ಟೇ ನೋಡಿಕೊಂಡರೆ ಸಮಾಜಕ್ಕೆ ತಾನಾಗಿಯೇ ಒಳ್ಳೆಯದಾಗುತ್ತದೆ ಎಂದ. ಇದು ದುರಾಸೆಯಲ್ಲ, ಇದೇ ನಿಜವಾದ ನೀತಿ ಎಂದ. ಮಾರುಕಟ್ಟೆಗೆ ನೆಂಟರಿಲ್ಲ ಎಂದು ಎರಡು ಸಲ ಹೇಳಿದ. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ಅಕ್ಕ ಮಾತ್ರ ಅವನ ಟೈಗೆ ಚುಚ್ಚಿದ್ದ ಪಿನ್ನಿನ ಪಾಲಿಶ್ ನೋಡುತ್ತ ಕೂತಿದ್ದರು.

ಹರಾಜು ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ಶೆಡ್ಡಿನಲ್ಲಿ ಕಂಪ್ಯೂಟರಿತ್ತು, ಅದನ್ನು ಮುಟ್ಟಲು ಬರುತ್ತಿದ್ದವಳು ನಾನೊಬ್ಬಳೇ. ಅರ್ಧ ಗಂಟೆ ಮುಂಚೆ ಕಿಂಡಿಯಿಂದ ಒಂದು ಚೀಟಿ ಬಂತು. ಅದರಲ್ಲಿ ಅಕ್ಕನ ಪಾಸ್‌ವರ್ಡು, ಕೆಳಗೆ ಅವರು ಇಳಿಯಬಲ್ಲ ಕೊನೆಯ ರೇಟು.

"ನಮ್ದೂ ನೀನೇ ಒತ್ಬಿಡು ಕಣೇ. ಅಲ್ಲಿಗಿಂತ ಕೆಳಗೆ ಇಳೀಬ್ಯಾಡ. ನಂಗೆ ಮೆಷಿನ್ ಮೇಲೆ ಕೆಲಸ ಐತೆ."

ಎದುರಾಳಿಯ ಕೈಯಾಳಿಗೆ ತನ್ನ ಗುಟ್ಟನ್ನೆಲ್ಲ ಕೊಡುತ್ತಿದ್ದೇನೆ ಎಂಬುದು ಅಕ್ಕನಿಗೆ ಹೊಳೆಯಲೇ ಇಲ್ಲ. ಗೇಜು ಆ ದಾರಿಯಲ್ಲಿ ಬರುತ್ತಿತ್ತು, ಪಾಸ್‌ವರ್ಡೂ ಬಂತು, ಅಷ್ಟೇ. ನನಗೆ ಮೊದಲು ನಗು ಬಂತು. ಆಮೇಲೆ ಚೀಟಿಯನ್ನು ಮತ್ತೆ ಓದಿದೆ.

ಚೀಟಿ ಹಿಡಿದು ಓನರ್ ಹತ್ತಿರ ಹೋದೆ. ಅದು ಏನೆಂದು ತಿಳಿದ ಕೂಡಲೇ ಅವರು ಕೈ ಅಡ್ಡ ಹಿಡಿದರು.

"ಅವರ ರೇಟು ನಂಗೆ ಹೇಳ್ಬೇಡ ಕಣಮ್ಮ. ನಂದು ಅವರಿಗೆ ಹೇಳ್ಬೇಡ. ಇಬ್ಬರದೂ ನ್ಯಾಯವಾಗಿ ಒತ್ತು."

ತಮ್ಮ ಕೊನೆಯ ರೇಟನ್ನು ಒಂದು ಕಾಗದದಲ್ಲಿ ಬರೆದು ಬೋರಲು ಹಾಕಿ, ಹೋಗಿ ಲೇತಿನ ಮುಂದೆ ನನಗೆ ಬೆನ್ನು ಮಾಡಿ ನಿಂತರು. ಹರಾಜು ಮುಗಿಯುವವರೆಗೆ ತಿರುಗಲಿಲ್ಲ. ನೀತಿಯ ಬಗ್ಗೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಒಂದೂ ಆ ಬೆನ್ನಿನಷ್ಟು ಅರ್ಥವಾಗಲಿಲ್ಲ.

ನಾನು ಪರದೆಯ ಮೇಲೆ ಎರಡು ಕಿಟಕಿ ತೆರೆದು ಕೂತೆ, ಒಂದು ನಮ್ಮದು, ಒಂದು ಅಕ್ಕನದು. ಒಂದರಲ್ಲಿ ಇಳಿಸುವುದು, ಇನ್ನೊಂದರಲ್ಲಿ ಇಳಿಸುವುದು. ನಡುವೆ ಗುರುತಿಲ್ಲದ ಮೂರನೆಯವನೊಬ್ಬ ನಮ್ಮಿಬ್ಬರನ್ನೂ ಅಟ್ಟಿಸಿಕೊಂಡು ಬರುತ್ತಿದ್ದ. ಸ್ವಲ್ಪ ಹೊತ್ತಿಗೆ ನಮ್ಮ ಓನರ್ ಬರೆದ ರೇಟು ಬಂತು. ಅಕ್ಕನ ರೇಟು ಅದಕ್ಕಿಂತ ಚೂರೇ ಕೆಳಗಿತ್ತು. ಆ ಚೀಟಿಯನ್ನು ನೋಡಿಕೊಂಡು ನಮ್ಮ ಕಿಟಕಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿಸಿದ್ದರೆ ಆರ್ಡರು ನಮ್ಮದು, ನನ್ನ ಕೆಲಸ ಭದ್ರ. ಓನರ್ ಕೇಳಿದರೆ ಕೈ ತಪ್ಪಿತು ಎನ್ನಬಹುದಿತ್ತು. ಸುಳ್ಳು ಹೇಳುವುದಿಲ್ಲ, ಬೆರಳಿಗೆ ಆಸೆಯಾಯಿತು. ಆದರೂ ನಮ್ಮ ಕಿಟಕಿ ಮುಚ್ಚಿದೆ. ಅಕ್ಕನದರಲ್ಲಿ ಇನ್ನೆರಡು ಸಲ ಒತ್ತಿದೆ. ಮೂರನೆಯವನು ಸುಮ್ಮನಾದ. ಆರ್ಡರು ಅಕ್ಕನಿಗೆ ಬಂತು.

ಕಿಂಡಿಯಲ್ಲಿ ಸುದ್ದಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ, ಲೇತಿನಲ್ಲಿ ಪಿನ್ನು ಕಡೆಯುವ ಟರ್ನಿಂಗ್ ಕೆಲಸವನ್ನು ನಾಳೆಯಿಂದ ನೀವು ಶುರು ಮಾಡುತ್ತೀರಾ ಎಂದು. ಹರಾಜಿನಲ್ಲಿ ಸೋತವರಿಗೆ ಅರ್ಧ ಕೆಲಸ ಕೊಡುವುದು ವಿಚಿತ್ರ ಎಂದು ಅವರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ.

ವಾರದೊಳಗೆ ಕಂಪನಿಯ ಖರೀದಿ ಅಧಿಕಾರಿ ನಮ್ಮ ಮೂವರನ್ನೂ ಕರೆಸಿದ. ಎರಡು ಶೆಡ್ಡಿನ ಬೆಲೆಯೂ ಒಂದೇ ಕಂಪ್ಯೂಟರಿನಿಂದ ಬಂದಿದೆ, ಇದು ಒಳ ಒಪ್ಪಂದ ಎಂದ. ಚಿಕ್ಕ ವಯಸ್ಸಿನ, ಮರ್ಯಾದಸ್ಥ ಹುಡುಗ, ಕೂರಿಸಿ ನೀರು ಕೊಟ್ಟ. ಆಮೇಲೆ ಟೈಪು ಮಾಡಿದ ಒಂದು ಕಾಗದವನ್ನು ಓನರ್ ಮುಂದಿಟ್ಟ. ಅಕ್ಕನ ಜೊತೆ ಸೇರಿಕೊಂಡು ನಾನು ಓನರಿಗೆ ತಿಳಿಯದಂತೆ ಮೋಸ ಮಾಡಿದೆ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ನಮ್ಮ ಶೆಡ್ಡು ಕಂಪನಿಯ ಪಟ್ಟಿಯಲ್ಲಿ ಉಳಿಯುತ್ತದೆ, ಅಕ್ಕನ ಶೆಡ್ಡು ಹೋಗುತ್ತದೆ. ಹಾಕದಿದ್ದರೆ ಎರಡೂ ಹೋಗುತ್ತವೆ.

"ನೀವು ಯಾರ ಪರ ಕೂತಿದ್ರಿ ಮೇಡಂ?" ಎಂದು ಅವನು ನನ್ನನ್ನು ಕೇಳಿದ.

"ಇಬ್ಬರ ಪರ."

"ಅದು ಸಾಧ್ಯಾನೇ ಇಲ್ಲ ಮೇಡಂ."

"ಹೆಂಗೆ ಸಾಧ್ಯ ಇಲ್ಲ ಸಾರ್? ಮಾಡಿದೀನಲ್ಲ. ಒಬ್ಬರ ರೇಟು ಇನ್ನೊಬ್ಬರಿಗೆ ಹೇಳಿ ಒಪ್ಪಂದ ಮಾಡ್ಕೊಂಡಿದ್ರೆ ನಿಮ್ಮ ಬೆಲೆ ಏರಬೇಕಿತ್ತು. ಇಳಿದಿದೆ. ಮೋಸ ಯಾರಿಗಾಯ್ತು, ನೀವೇ ಹೇಳಿ."

ಅವನು ತನ್ನ ಪರದೆ ನೋಡಿದ. ನಿಯಮ ನಿಯಮವೇ ಎಂದ. ಓನರ್ ಕಾಗದವನ್ನು ಓದಿ, ಮಡಿಸದೆ, ಸಹಿ ಹಾಕದೆ, ಅವನ ಕಡೆಗೇ ತಳ್ಳಿದರು. ಕಂಪನಿಯವರು ಎರಡೂ ಶೆಡ್ಡುಗಳನ್ನು ಪಟ್ಟಿಯಿಂದ ಹೊಡೆದು ಹಾಕಿದರು.

ಆಮೇಲಿನ ದಿನಗಳು ಸುಖದ್ದಲ್ಲ. ನಮ್ಮ ಇಬ್ಬರು ಕೆಲಸಗಾರರು ಬೊಮ್ಮಸಂದ್ರಕ್ಕೆ ಹೋದರು. ಪಿನ್ ಮಾಡುತ್ತಿದ್ದ ಲೇತಿನಲ್ಲಿ ಗೇಟಿನ ಕೀಲು ಮಾಡಿದೆವು. ನೀನು ಬುದ್ಧಿವಂತಿಕೆ ತೋರಿಸಬಹುದಿತ್ತು ಎಂದು ಬೀದಿಯಲ್ಲಿ ಹಲವರು ನನಗೆ ಹೇಳಿದರು. ನನಗೆ ಮಾರುಕಟ್ಟೆಯ ಮೇಲೆ ಸಿಟ್ಟಿಲ್ಲ. ಪೀಣ್ಯದಲ್ಲಿ ಧರ್ಮಕ್ಕೆಂದು ಯಾರೂ ಶೆಡ್ಡು ಹಾಕುವುದಿಲ್ಲ, ನಾವೂ ಲಾಭಕ್ಕೇ ಹಾಕಿದ್ದು. ನನ್ನ ತಕರಾರು, ಲಾಭ ನೋಡುವವನು ಪಕ್ಕದವರನ್ನು ನೋಡಬಾರದು ಎಂದು ಪಾಠ ಹೇಳಿದವನ ಮೇಲೆ. ನಾವು ಎರಡನ್ನೂ ನೋಡಿಕೊಂಡೇ ಬದುಕಿದ್ದೆವು. ಅದು ಸಾಧ್ಯವೇ ಇಲ್ಲ ಎಂದರೆ ನಾನು ಒಪ್ಪುವವಳಲ್ಲ.

ಎರಡು ತಿಂಗಳ ಮೇಲೆ ಒಬ್ಬಾತ ಸ್ಕೂಟರಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಂತ. ಕೈಯಲ್ಲಿ ಬಟ್ಟೆ ಸುತ್ತಿದ ಪಿನ್ನುಗಳು, ಅದೇ ಪಂಪಿನವು. ನಾಲ್ಕು ಬೀದಿ ಆಚೆ ಅವನ ಶೆಡ್ಡು. ಹರಾಜಿನ ಮೂರನೆಯವನು ಇವನೇ, ಆರ್ಡರು ಈಗ ಇವನದು. ಮಾಡಿದ ಪಿನ್ನೆಲ್ಲ ಅಳತೆ ತಪ್ಪಿ ವಾಪಸ್ ಬಂದಿತ್ತು. ಹೊಸ ಗೇಜು ಮಾಡಿಸಲು ವಾರಗಟ್ಟಲೆ ಬೇಕು. ಇಲ್ಲಿ ಒಂದಿದೆಯಂತೆ, ಕೊಡುತ್ತೀರಾ ಎಂದು ಕೇಳಿದ.

ಮಾರುಕಟ್ಟೆಗೆ ನೆಂಟರಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಕ್ಕನೇ ಬೈದು ಕಳಿಸಲಿ ಎಂದು ಕಿಂಡಿಯ ಹತ್ತಿರ ಹೋಗಿ, ಬಂದವನು ಯಾರು, ಏಕೆ ಬಂದ ಎಂಬುದನ್ನು ಅವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಗ್ರೈಂಡಿಂಗ್ ಸದ್ದು ನಿಂತಿತು. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಗೇಜು ಕಿಂಡಿಯಲ್ಲಿ ಬಂತು.

"ಸಾಯಂಕಾಲ ತಂದ್ಕೊಡಕ್ಕೆ ಹೇಳು. ಕೆಳಗೆ ಬೀಳಿಸ್ಬ್ಯಾಡ ಅನ್ನು."

ನಾನು ಅದನ್ನು ಅವನ ಕೈಯಲ್ಲಿಟ್ಟೆ, ತಕ್ಷಣ ಬಿಡಲಿಲ್ಲ.

"ಅಳತೆ ಈಗ ಹೆಂಗೆ ಸರಿ ಹೋಯ್ತು ಅಂತ ಕಂಪನಿಯೋರು ಕೇಳಿದ್ರೆ, 'ನೀವು ಪಟ್ಟಿಯಿಂದ ಹೊಡೆದು ಹಾಕಿದ್ರಲ್ಲ, ಅವರ ಗೇಜು' ಅನ್ನಿ."

ಅವನು ತಲೆ ತಗ್ಗಿಸಿ ಹೂಂ ಎಂದ. ಹೇಳಿದನೋ ಇಲ್ಲವೋ ತಿಳಿಯದು. ಸಾಯಂಕಾಲ ಗೇಜು ತಂದುಕೊಟ್ಟ, ಒರೆಸಿ ಎಣ್ಣೆ ಸವರಿ ತಂದಿದ್ದ. ಕಂಪನಿಗೆ ಅಗ್ಗದ ಬೆಲೆಗೆ ಸರಿಯಾದ ಪಿನ್ನು ಸಿಕ್ಕಿತು, ಹರಾಜು ಗೆದ್ದಿತು ಎಂದು ಎಲ್ಲೋ ಒಂದು ವರದಿಯಲ್ಲಿ ಬರೆದುಕೊಂಡಿರುತ್ತಾರೆ. ಆ ಪ್ರತಿಯೊಂದು ಪಿನ್ನೂ ಅಕ್ಕನ ಉಂಗುರದಲ್ಲಿ ಹಾಯ್ದು ಹೋದದ್ದು. ಅದನ್ನು ಅವರು ಬರೆಯಲಿಲ್ಲ, ನಾನು ಬರೆದಿದ್ದೇನೆ.