ನಂಜುಂಡನ ಕೈ ತಪ್ಪಿರಲಿಲ್ಲ

ನಂಜುಂಡ, ಗಾವಡಗೆರೆ ಕಡೆಯ ಆ ತಂಬಾಕಿನ ಬ್ಯಾರನ್ ಹೊತ್ತಿಕೊಂಡದ್ದು ನಿನ್ನ ಕೈತಪ್ಪಿನಿಂದಲ್ಲ. ನಾನು ಸುಳ್ಳು ಹೇಳಿದ್ದರಿಂದ. ಇಷ್ಟು ಸಣ್ಣ ಮಾತನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯೊಳಗೇ ಇಟ್ಟುಕೊಂಡು ಓಡಾಡಿದೆ. ಈಗ ಹೇಳುತ್ತಿದ್ದೇನೆ — ಕೇಳಲು ನೀನಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕಾಗಿದೆ, ಇದನ್ನು ಓದುವ ಬೇರೆಯವರಿಗಾಗಿ. ಹುಣಸೂರಿನಲ್ಲಿ ನಮ್ಮಿಬ್ಬರದು ಒಂದು ಸಣ್ಣ ತಗಡಿನ ಕಾರ್ಖಾನೆ. ಕಾರ್ಖಾನೆ ಅನ್ನುವುದು ನಿನ್ನ ಜಂಬದ ಮಾತು. ಇದ್ದದ್ದು ಒಂದು ಕೊಟ್ಟಿಗೆ, ಒಂದು ತಿದಿ, ನಾವಿಬ್ಬರು. ಹೊಗೆಸೊಪ್ಪನ್ನು ಶಾಖದಲ್ಲಿ ಒಣಗಿಸಿ ಹದ ಮಾಡುವ ಎತ್ತರದ ಮನೆಗಳ, ಅಂದರೆ ಬ್ಯಾರನ್‌ಗಳ ಒಳಗೆ ಶಾಖ ಹರಿಸುವ ಕೊಳವೆಗಳನ್ನು ಮಾಡುತ್ತಿದ್ದೆವು. ಮೈಸೂರಿನಲ್ಲಿ ಸಿದ್ಧ ಕೊಳವೆ ಸಿಗುತ್ತಿತ್ತು. ನೀನು ಮಾತ್ರ ಬ್ಯಾರನ್ ನೋಡದೆ ತಗಡು ಮುಟ್ಟುತ್ತಿರಲಿಲ್ಲ. ಗೋಡೆ ಅಳೆದು, ಸೌದೆ ಯಾವುದೆಂದು ಕೇಳಿ, ಕೊನೆಗೆ ಮನೆಯವರನ್ನೆಲ್ಲ ನಿಲ್ಲಿಸಿಕೊಂಡು, "ಉರಿ ಆಕೋರ್ಯಾರು? ಅವ್ರನ್ನ ಕರೀರಿ" ಎನ್ನುತ್ತಿದ್ದೆ. ಉರಿ ಹಾಕುವವರು ಬಗ್ಗದೆ ಸೌದೆ ನೂಕುವಂತೆ ಒಲೆಯ ಬಾಯಿ ಕೂರಿಸುತ್ತಿದ್ದೆ. ಅಷ್ಟು ಕೇಳುವುದು ನನಗೆ ಅತಿ ಅನ್ನಿಸುತ್ತಿತ್ತು, ನಿನ್ನನ್ನು ರೇಗಿಸುತ್ತಲೂ ಇದ್ದೆ. ಒಳಗೊಳಗೆ ಹೆಮ್ಮೆಯಿತ್ತು.

ಇನ್ನೊಂದು ಕಟ್ಟಳೆಯಿತ್ತು — ಬರಿ ಉರಿ. ಕೊಳವೆ ಜೋಡಿಸಿ, ಸಂದುಗಳಿಗೆ ಮಣ್ಣು ಮೆತ್ತಿದ ಮೇಲೆ, ಸೊಪ್ಪು ಏರಿಸುವ ಮುಂಚೆ ಖಾಲಿ ಬ್ಯಾರನ್‌ನಲ್ಲಿ ಇಡೀ ದಿನ ಉರಿ ಹಾಕಬೇಕು. ಕಬ್ಬಿಣ ಕಾದು ಹಿಗ್ಗಿದಾಗ ಹಸಿ ಮಣ್ಣು ಬಿರಿಯುತ್ತದೆ. ಒಳಗೆ ಕೂತು ಹೊಗೆ ಎಲ್ಲಿ ಬರುತ್ತದೆಂದು ನೋಡಿ, ಅಲ್ಲಿ ಮತ್ತೆ ಮೆತ್ತಬೇಕು. ಕಣ್ಣು ಉರಿದು ನೀರು ಸುರಿಯುವ ಕೆಲಸ ಅದು. ಕೊಳವೆ ಕತ್ತರಿಸಿ ಕೂಡಿಸುವುದು ನಿನ್ನ ಪಾಲು, ಬರಿ ಉರಿ ನೋಡುವುದು ನನ್ನ ಪಾಲು.

ಅವತ್ತು ಗಾವಡಗೆರೆ ಕಡೆಯ ದೇವೀರಮ್ಮನ ಹೊಸ ಬ್ಯಾರನ್; ಉರಿ ಹಾಕುವವಳೂ ಅವಳೇ. ನೀನು ಜೋಡಿಸಿ ಮುಗಿಸಿ, ಮಾರನೆಯ ಬೆಳಿಗ್ಗೆ ಬರಿ ಉರಿ ಹಾಕಲು ನನ್ನನ್ನು ಬಿಟ್ಟು ಹುಣಸೂರಿಗೆ ಹೋಗಿದ್ದೆ. ಬೆಳಗಾಗುತ್ತಲೇ ನಮ್ಮಣ್ಣ ಹೇಳಿಕಳಿಸಿದ — ಮಿರ್ಲೆಯಲ್ಲಿ ಹೆಣ್ಣು ನೋಡುವುದಿದೆ, ಇವತ್ತೇ, ಮಧ್ಯಾಹ್ನದೊಳಗೆ ಬಾ. ನಾಳೆ ಬರುತ್ತೇನೆ ಅನ್ನಬಹುದಿತ್ತು. ಅಥವಾ ದೇವೀರಮ್ಮನಿಗೆ, ನಾಳೆಯವರೆಗೂ ಸೊಪ್ಪು ಏರಿಸಬೇಡಿ ಅನ್ನಬಹುದಿತ್ತು — ಕೊಯ್ದ ಸೊಪ್ಪು ಬಾಡುತ್ತಿತ್ತು ನಿಜ, ಆದರೂ ಅನ್ನಬಹುದಿತ್ತು. ಎರಡನ್ನೂ ಅನ್ನದೆ, ತೋರಿಕೆಗೆ ಒಲೆಯ ಬಾಯಿಗೆ ನಾಲ್ಕು ತೆಂಗಿನ ಗರಿ ತುರುಕಿ ಹೊತ್ತಿಸಿದೆ. ಹೊಗೆಗೂಡಿನಲ್ಲಿ ಹೊಗೆ ಕಂಡಿತು. ಆಚೆ ಚಪ್ಪರದಡಿ ಸೊಪ್ಪು ಕಟ್ಟುತ್ತಿದ್ದ ದೇವೀರಮ್ಮನ ಹತ್ತಿರ ಹೋಗಿ ಹೇಳಿದೆ:

"ಬರಿ ಉರಿ ಆಯ್ತು ಕಣಕ್ಕ. ಸೊಪ್ಪು ಏರ್ಸಿ."

"ಇಷ್ಟ್ ಬೇಗ್ನೆ?" ಅಂದಳು ಅವಳು.

"ನಮ್ ನಂಜುಂಡನ ಕೈ ಅಂದ್ರೆ ಅಂಗೆ," ಅಂದೆ. ನಗುತ್ತಲೇ ಅಂದೆ.

ನಿನ್ನ ಹೆಸರನ್ನೇ ಅಡ ಇಟ್ಟು ಬಸ್ಸು ಹತ್ತಿದೆನಲ್ಲ, ನಂಜುಂಡ. ಮಿರ್ಲೆಯ ಹೆಣ್ಣು ಒಪ್ಪಿತು. ಇವತ್ತಿಗೂ ನನ್ನ ಮನೆಯಲ್ಲಿದ್ದಾಳೆ. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

ಸೊಪ್ಪು ಒಣಗುತ್ತ ಬಂದು ಉರಿ ಜೋರು ಮಾಡಿದ ದಿನ ಬ್ಯಾರನ್ ಹೊತ್ತಿಕೊಂಡಿತು. ಬಿರಿದ ಸಂದಿನಿಂದ ಕಿಡಿ ಹಾರಿರಬೇಕು. ದೇವೀರಮ್ಮ ಸೊಪ್ಪು ಉಳಿಸಲು ಒಳಗೆ ನುಗ್ಗಿದ್ದಳು. ನಾವು ಹೋಗುವಷ್ಟರಲ್ಲಿ ಅವಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಬಲಗೈ ಮೊಣಕೈವರೆಗೆ ಬೆಂದಿತ್ತು. ಜೀವ ಉಳಿಯಿತು, ಬೆರಳು ಮಡಚಲು ಆಗಲೇ ಇಲ್ಲ. ಆ ಒಲೆಯ ಬಾಯನ್ನು ನೀನು ಅವಳ ಎತ್ತರಕ್ಕೇ ಕೂರಿಸಿದ್ದೆ.

ಕುಸಿದ ಕೊಳವೆಗಳ ನಡುವೆ ನಿಂತು ನೀನು ನನ್ನನ್ನು ಒಂದೇ ಪ್ರಶ್ನೆ ಕೇಳಿದೆ.

"ಲೋ ಸಿದ್ದ, ಬರಿ ಉರಿ ಆಕಿ ನೋಡಿದ್ಯೇನ್ಲಾ?"

ಆ ಗಳಿಗೆ ನನ್ನ ಕೈಯಲ್ಲಿತ್ತು. ಸುತ್ತ ಊರವರು. ದೇವೀರಮ್ಮನ ಗಂಡ ನನ್ನ ಮುಖವನ್ನೇ ನೋಡುತ್ತಿದ್ದ. ಹೆದರಿದೆ ಅನ್ನಲೇ? ಹೆದರಿದ್ದೆ. ಆದರೆ ಹೆದರಿಕೆಗಿಂತ —

"ನೋಡ್ದೆ ಕಣೋ. ಎಲ್ಲೂ ಒಗೆ ಬರ್ಲಿಲ್ಲ."

ಮೊದಲ ಉರಿಗೆ ತಡೆದ ಸಂದು ಆಮೇಲೆ ಬಿಟ್ಟಿತು ಅಂದರೆ ಕೂಡಿಸಿದ ಕೈಯೇ ಸಡಿಲ. ಅದನ್ನು ಯಾರೂ ನಿನಗೆ ಬಿಡಿಸಿ ಹೇಳಬೇಕಿರಲಿಲ್ಲ. ನೀನು ದೇವೀರಮ್ಮನ ಗಂಡನ ಕಡೆ ತಿರುಗಿದೆ. "ಗೌಡ್ರೇ, ಇದು ನನ್ ಕೈ ತಪ್ಪು. ಇವನ್ನ ಏನೂ ಅನ್ಬ್ಯಾಡಿ," ಅಂದೆ. ನನ್ನನ್ನು ಕಾಪಾಡಿದೆ, ಮಾರಾಯ. ನಾನು ಕಾಪಾಡಿಸಿಕೊಂಡೆ.

ಆಮೇಲೆ ನೀನು ತಗಡು ಮುಟ್ಟಲಿಲ್ಲ. ನಾನೆಷ್ಟು ಬೇಡಿದರೂ ನೀನು, "ನೋಡ್ಕಂಡ್ ಮಾಡಿದ್ದೇ ಇಂಗಾದ್ರೆ ಇನ್ನೇನ್ ಮಾಡಾನ, ಬುಡ್ಲಾ" ಅಂದೆ. ನಿನ್ನ ಹೆಂಡತಿ ತಾಯಮ್ಮನ ತವರು ಕೆ.ಆರ್. ನಗರಕ್ಕೆ ಸಂಸಾರ ಕಟ್ಟಿಕೊಂಡು ಹೋಗಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತೆ. ನಾನು ಕೊಟ್ಟಿಗೆ ಮುಚ್ಚಿ ಪಿರಿಯಾಪಟ್ಟಣದಲ್ಲಿ ಬೇರೆ ಕೆಲಸ ಹಿಡಿದೆ. ವರ್ಷಕ್ಕೊಮ್ಮೆ ನಿನ್ನ ಮನೆಗೆ ಬರುತ್ತಿದ್ದೆ, ಪ್ರತಿ ಸಲವೂ ಹೇಳಿಬಿಡೋಣ ಅಂದುಕೊಂಡೇ. ತಾಯಮ್ಮ ಕಾಫಿ ಕೊಡುತ್ತಿದ್ದಳು, ನೀನು ಹಳೆಯ ತಮಾಷೆ ತೆಗೆಯುತ್ತಿದ್ದೆ, ಮುಂದಿನ ಸಲ ಹೇಳಿದರಾಯಿತು ಅಂತ — ಹೀಗೇ.

ಕಾಮಾಲೆಯಲ್ಲಿ ನೀನು ಹೋದ ಸುದ್ದಿ ನನಗೆ ತಡವಾಗಿ ಬಂತು. ತಿಥಿ ಕಳೆದ ಮೇಲೆ ಹೋಗಿ ತಾಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ.

"ಮನೇಲಿ ಒಂದ್ ಪಾತ್ರೆಗೆ ಹಿಡಿ ಕೂರ್ಸಿದ್ರೂವೆ ನನ್ ಕೈಲಿ ಎಳ್ಸಿ ನೋಡೋರು," ಅಂದಳು. "ಕಿತ್ಕಂಡ್ ಬತ್ತದಾ ನೋಡು, ಬತ್ತದಾ ನೋಡು ಅಂತ. ಸಾಯೋಗಂಟ ತಮ್ ಕೈನ ನಂಬ್ನಿಲ್ಲ ಕಣಣ್ಣ. ಅವ್ರಿಗೆ ಯೋಳ್ಬೇಕಾದ್ದ ನಂಗ್ಯಾಕೆ ಯೋಳ್ತೀರಿ?"

ನಾನು ಹೊರಡಲು ಎದ್ದಾಗ ಅವಳೇ ಮತ್ತೆ, "ದೇವೀರಮ್ಮ ಇನ್ನೂ ಬದುಕವ್ಳಲ್ವಾ. ಅವ್ಳಿಗಾರಾ ಯೋಳಿ," ಅಂದಳು.

ನಾಳೆ ಗಾವಡಗೆರೆಗೆ ಹೋಗುತ್ತಿದ್ದೇನೆ. ತಾಯಮ್ಮನೂ ಬರುತ್ತಾಳೆ. ನನಗೆ ಜೊತೆಯಾಗಿ ಅಲ್ಲ, ನಂಜುಂಡ — ಅಲ್ಲಿ ನಾನು ನಿಜವಾಗಿಯೂ ಹೇಳುತ್ತೇನೋ ಇಲ್ಲವೋ ನೋಡಲು.