ಜೋಡಿ ಓಟ, ಹುಳುಮನೆಯಿಂದ ನೋಡಿದಂತೆ

ಟಿವಿಯಲ್ಲಿ ಜೋಡಿಗಳು ದೇಶದೇಶ ಸುತ್ತುತ್ತ ಓಡುವ ಪಂದ್ಯವೊಂದು ಬರುತ್ತದಲ್ಲ, ಅದನ್ನು ನಾನು ನೋಡುವುದು ಓಡುವವರಿಗಾಗಿ ಅಲ್ಲ, ಜೊತೆಗೆ ಕೂತು ನೋಡುವ ನನ್ನ ಹೆಂಡತಿ ರತ್ನಳ ಮಾತಿಗಾಗಿ. ಈ ಗುಟ್ಟು ಅವಳಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಭಾನುವಾರ ಮಧ್ಯಾಹ್ನ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು ಕೂತರೆ, ಯಾವುದೋ ದೇಶದಲ್ಲಿ ಗಂಡ ಹೆಂಡತಿ, ಅಣ್ಣ ತಂಗಿ, ಸ್ನೇಹಿತರು ಇಬ್ಬಿಬ್ಬರಾಗಿ ಚೀಲ ಹೊತ್ತು ಓಡುತ್ತಿರುತ್ತಾರೆ. ಮೀನು ಹಿಡಿಯುವುದು, ಒಂಟೆಗೆ ನೀರು ಕುಡಿಸುವುದು ಹೀಗೆ ಹೋದಲ್ಲೆಲ್ಲ ಒಂದು ಕೆಲಸ. ಕೊನೆಯ ಗೆರೆಯನ್ನು ಇಬ್ಬರೂ ದಾಟಿದರಷ್ಟೇ ಲೆಕ್ಕ. ಕಡೆಯಲ್ಲಿ ಬಂದ ಜೋಡಿ ಮನೆಗೆ.

ನನ್ನ ತಕರಾರೇನೆಂದರೆ, ಇವರು ಎಂಥ ಬೆಟ್ಟ ಪಕ್ಕದಲ್ಲಿದ್ದರೂ ತಿರುಗಿ ನೋಡುವುದಿಲ್ಲ. ನಾನಾದರೋ ಬಸ್ಸಿನ ಕಿಟಕಿಯಲ್ಲಿ ನಂದಿ ಬೆಟ್ಟ ಕಂಡರೂ ಕತ್ತು ನೋಯುವಷ್ಟು ಹೊತ್ತು ನೋಡುವವನು. ದಾರಿ ಕೇಳುವುದೂ ಇವರಿಗೆ ಬಾರದು. ಮೊದಲು ಟೀ ಕುಡಿಯಬೇಕು, ಆಮೇಲೆ ಕೇಳಬೇಕು. ರತ್ನಳ ತಕರಾರು ಬೇರೆ. “ನೋಡ್ರೀ, ಹೆಂಡ್ತೀನ ಹಿಂದೆ ಬಿಟ್ಟು ಹೆಂಗೆ ಓಡ್ತಾನೆ. ಜೊತೇಲಿ ಕಳ್ಸಿದಾರೆ, ಜಗಳ ಬೇರೆ ಆಡ್ತಾವೆ. ನಮ್ಮನ್ನ ಕಳ್ಸಿದ್ರೆ ಕಡೇಲಿ ಬಂದ್ರೂ ನಗ್ತಾ ಬರ್ತಿದ್ವಿ” ಎನ್ನುತ್ತಾಳೆ.

ಈ ಪಂದ್ಯ ಹೊಸದೇನಲ್ಲ, ಪುರಾಣದಲ್ಲೇ ಇದೆ ಎಂದು ಒಮ್ಮೆ ನನ್ನ ಪಾಂಡಿತ್ಯ ತೋರಿಸಿದೆ. ಜಗತ್ತು ಸುತ್ತಲು ನವಿಲೇರಿ ಹೊರಟ ತಮ್ಮ ಸೋತ, ಅಪ್ಪ ಅಮ್ಮನನ್ನೇ ಸುತ್ತಿ ಬಂದ ಅಣ್ಣ ಗೆದ್ದ.

“ಮನೇಲೇ ಇದ್ದೋನು ಗೆದ್ನಾ? ಹಂಗಾದ್ರೆ ಅವರ ಮನೇಲೂ ಹುಳ ಇತ್ತು ಅನ್ನಿ” ಎಂದಳು.

ನಕ್ಕೆ, ಆದರೆ ಒಳಗೆ ಚುಚ್ಚಿತು. ಶಿಡ್ಲಘಟ್ಟದ ಸುತ್ತ ಹುಳು ಸಾಕುವ ಮನೆಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಊರು ಬಿಡುವುದು ಕಷ್ಟ. ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆ ಹೋದಂತೆಯೇ. ಅವಳು ಮದುವೆಗೆ ಹೋದರೆ ನಾನು ಸೊಪ್ಪಿಗೆ, ನಾನು ಹೋದರೆ ಅವಳು. ನೆಂಟರು ಕರೆಯಲು ಬಂದಾಗಲೂ “ಈ ಸಲ ಯಾರ ಸರದಿ?” ಎಂದೇ ಕೇಳುತ್ತಾರೆ. ಒಂದು ಶುಭಕಾರ್ಯಕ್ಕಾದರೂ ನನ್ನ ಜೊತೆ ಹೋಗಬೇಕೆಂಬುದು ರತ್ನಳ ಬಹುದಿನದ ಆಸೆ. ಟಿವಿಯ ಗಂಡಂದಿರಿಗೆ ಬೀಳುತ್ತಿದ್ದ ಬೈಗುಳದಲ್ಲಿ ನನಗೂ ಒಂದು ಪಾಲಿತ್ತು.

ಕಳೆದ ತಿಂಗಳು ಚಿಂತಾಮಣಿಯಲ್ಲಿ ನಮ್ಮಕ್ಕನ ಹೊಸ ಮನೆಯ ಗೃಹಪ್ರವೇಶ ಬಂತು. ಅದೃಷ್ಟಕ್ಕೆ ಅದೇ ವಾರ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ, ಹುಳುಮನೆ ತೊಳೆದು ಖಾಲಿಯಾಗಿತ್ತು. “ಇಬ್ರೂ ಹೋಗಣ ಕಣೇ” ಎಂದೆ.  ರತ್ನ ಎದ್ದು ಬೀರುವಿನಿಂದ ಹಸಿರು ಸೀರೆ ತೆಗೆದಳು.

ಬಸ್ಸಿನಲ್ಲಿ ಹೆಂಗಸರೆಲ್ಲ ಮುಂದೆ, ನನಗೆ ಸಿಕ್ಕಿದ್ದು ಕಡೆಯ ಸೀಟು. ಓಟದ ಆರಂಭದಲ್ಲೇ ಜೋಡಿ ಬೇರೆಯಾಯಿತು. ಅವಳು ಆಗಾಗ ಹಿಂತಿರುಗಿ ನಾನು ಇದ್ದೇನೆಯೇ ಎಂದು ನೋಡುತ್ತಿದ್ದಳು. ಇಳಿದ ಮೇಲೆ ಅಭ್ಯಾಸಬಲದಿಂದ ಒಬ್ಬನೇ ಮುಂದೆ ನಡೆದುಬಿಟ್ಟೆ. ನೆನಪಾಗಿ ನಿಂತೆ.

ಬಾಗಿಲಲ್ಲಿ ನಮ್ಮಿಬ್ಬರನ್ನೂ ಕಂಡ ಅಕ್ಕನ ಮುಖ ಬಾಡಿತು. ನನ್ನನ್ನು ಪಕ್ಕಕ್ಕೆ ಕರೆದು, ನಮ್ಮ ಕಡೆಯ ತೆಲುಗು ಬೆರೆಸಿ, “ಏಮಿರಾ, ಇಬ್ರೂ ಬಂದ್ಬಿಟ್ಟಿದೀರಾ? ಹುಳ ಹೋಯ್ತಾ?” ಎಂದಳು. ಇಬ್ಬರೂ ಬಂದಿದ್ದಾರೆಂದರೆ ರೋಗ ಬಂದು ಬೆಳೆಯೇ ಹಾಳಾಗಿರಬೇಕು ಎಂಬುದು ಅವಳ ಲೆಕ್ಕ.

“ಇಲ್ಲಕ್ಕ, ಗೂಡು ಚೆನ್ನಾಗಿ ಬಂತು. ಜೊತೇಲಿ ಬರಣ ಅಂತ ಬಂದ್ವಿ” ಎಂದರೆ ನಂಬಲೇ ಇಲ್ಲ. ಊಟದ ಹೊತ್ತಿಗೆ ಸುದ್ದಿ ಹಬ್ಬಿತ್ತು. ನೆಂಟರು ಒಬ್ಬೊಬ್ಬರಾಗಿ ಬಂದು “ಮುಂದಿನ ಬೆಳೆ ಚೆನ್ನಾಗಾಗುತ್ತೆ ಬಿಡಪ್ಪ” ಎಂದು ಬೆನ್ನು ತಟ್ಟಿದರು. ಬೆಳೆ ನಿಜವಾಗಿ ಕೆಟ್ಟಾಗಲೂ ನನಗೆ ಇಷ್ಟು ಸಮಾಧಾನ ಸಿಕ್ಕಿರಲಿಲ್ಲ. ರತ್ನ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಹೊರಡುವಾಗ ಅಕ್ಕ ಎಂದಿನಂತೆ ಡಬ್ಬಿಯೊಂದನ್ನು ರತ್ನಳ ಕೈಗಿಟ್ಟಳು. ಮನೆಯಲ್ಲಿ ಹುಳು ನೋಡಿಕೊಂಡು ಉಳಿದವರಿಗೆಂದು ಪ್ರತಿ ಸಲ ಕಟ್ಟಿಕೊಡುವ ಒಬ್ಬಟ್ಟು ಅದು. ಕೊಟ್ಟ ಮೇಲೆ, ಉಳಿದವರು ಯಾರೂ ಇಲ್ಲವೆಂಬುದು ಹೊಳೆದು ಅಕ್ಕ ನಾಚಿಕೊಂಡಳು. ರತ್ನ ಮಾತ್ರ ಡಬ್ಬಿ ಬಿಡಲಿಲ್ಲ.

ಚಿಂತಾಮಣಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ತೆರೆದಳು. ಒಬ್ಬರಿಗೆಂದು ಇಟ್ಟದ್ದು, ಇದ್ದುದು ಒಂದೇ ಒಬ್ಬಟ್ಟು. ಮುರಿದು ಅರ್ಧ ನನಗೆ ಕೊಟ್ಟಳು. ಅಷ್ಟರಲ್ಲಿ ಶಿಡ್ಲಘಟ್ಟದ ಬಸ್ಸು ಬಂತು. ನಾನು ಗಡಬಡಿಸಿ ಎದ್ದೆ.

“ಕೂತ್ಕೊಳ್ರೀ, ಇನ್ನೊಂದು ಬರುತ್ತೆ. ಮನೇಲಿ ಯಾರು ಕಾಯ್ತಿದಾರೆ?” ಎಂದಳು.

ಹೌದಲ್ಲ. ಇಷ್ಟು ವರ್ಷ ಮನೆಯಲ್ಲಿ ಕಾಯುತ್ತಿದ್ದವಳು ಪಕ್ಕದಲ್ಲೇ ಇದ್ದಳು. ನಾನೂ ಕೂತೆ. ಬಸ್ಸು ಹೋಯಿತು.