ಚೋಯ್ದೋಗನ ಡೊಂಕು ಅಚ್ಚು

ಓನೊನ್ ಹೊಳೆಯ ಈಚೆ ದಡದಲ್ಲಿ ಬಿಲ್ಲು ಮಾಡುವವನು ಒಬ್ಬನೇ, ಚೋಯ್ದೋಗ್. ಒಬ್ಬನೇ ಇದ್ದುದರಿಂದ ಅವನೇ ಶ್ರೇಷ್ಠ. ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಾರದವರ ಮನೆಗೆ ತಾನೇ ಹೋಗಿ, ಒಂದು ಬಟ್ಟಲು ಉಪ್ಪು ಚಹಾ ಕುಡಿದು, ಹೇಳಿ ಬರುತ್ತಿದ್ದ.

ಬೇರೆ ಕಡೆಯ ಬಿಲ್ಲುಗಳಂತೆ ಅವನ ಬಿಲ್ಲಿಗೆ ಕೊಂಬು, ನರ ಏನೂ ಅಂಟಿಸುವುದಿಲ್ಲ. ಬರೀ ಭೂರ್ಜ ಮರ. ಸೀಳಿದ ಮರದ ತುದಿಗಳನ್ನು ಹಬೆಯಲ್ಲಿ ಬೇಯಿಸಿ, ಮೆತ್ತಗಾದೊಡನೆ ಅಚ್ಚಿನ ಮೇಲಿಟ್ಟು ಬಾಗಿಸಿ, ಹಗ್ಗ ಸುತ್ತಿ, ಬೆಣೆ ಹೊಡೆದು ಎರಡು ದಿನ ಬಿಡಬೇಕು. ಬಿಚ್ಚಿದರೆ ಎರಡೂ ತುದಿ ಮುಂದಕ್ಕೆ ಹೊರಳಿದ ಬಿಲ್ಲು. ಅಚ್ಚು ಹೇಗೋ ಬಿಲ್ಲು ಹಾಗೆ. ತೊಂದರೆ ಇದ್ದದ್ದೇ ಅಲ್ಲಿ.

ಚೋಯ್ದೋಗನ ಅಜ್ಜ ಹೆಸರಾಂತ ಬಿಲ್ಲುಗಾರ. ಸರ್ಕಾರದವರು ಹಳೆಯದನ್ನೆಲ್ಲ ಹುಡುಕಿ ಹುಡುಕಿ ಸುಡುತ್ತಿದ್ದ ಕಾಲದಲ್ಲಿ ಅಜ್ಜಿ ಅವನ ಬಿಲ್ಲನ್ನು ಮನೆಯ ನೆಲಹಲಗೆಯ ಕೆಳಗೆ ಬಚ್ಚಿಟ್ಟಳು. ಐವತ್ತೈದು ವರ್ಷ ಅದು ಒದ್ದೆ ಮಣ್ಣಿನಲ್ಲಿ, ತೊಲೆಯ ಭಾರಕ್ಕೆ ಸಿಕ್ಕಿ ಮಲಗಿತ್ತು. ಕಾಲ ಬದಲಾಗಿ ಹೊರತೆಗೆದಾಗ ಮೇಲಿನ ತುದಿ ಒಂದು ಬೆರಳು ಪಕ್ಕಕ್ಕೆ ತಿರುಚಿಕೊಂಡಿತ್ತು. ಅಷ್ಟು ವರ್ಷ ತೊಲೆಯಡಿ ಮಲಗಿದರೆ ಯಾರಿಗಾದರೂ ಬೆನ್ನು ಸೊಟ್ಟಗಾಗುತ್ತದೆ. ಚೋಯ್ದೋಗ್ ಅದನ್ನು ಪೈನ್ ದಿಮ್ಮಿಯ ಮೇಲಿಟ್ಟು, ಇದ್ದಿಲಿನಲ್ಲಿ ಗೆರೆ ಎಳೆದು, ತಿರುಚನ್ನೂ ಸೇರಿಸಿ ಭಕ್ತಿಯಿಂದ ಅಚ್ಚು ಕೆತ್ತಿದ.

"ಇದು ಡೊಂಕಿದ್ಯಲ್ಲ ಯಜಮಾನ್ರೆ," ಅಂದಳು ಹೆಂಡತಿ ದುಲ್ಮಾ.

"ಅಜ್ಜನ ಬಿಲ್ಲಿಗೆ ತಪ್ಪು ಹುಡುಕೋಕೆ ನೀನ್ಯಾರೇ? ಬಾಣ ಹಿಡಿದಿದ್ದೀಯಾ ಯಾವತ್ತಾದ್ರೂ?"

"ಬಾಣ ಹಿಡಿದಿಲ್ಲ. ಕಣ್ಣಿದೆ."

ಮರುದಿನವೇ ಚೋಯ್ದೋಗ್ ಅಚ್ಚಿಗೆ ನೀಲಿ ರೇಷ್ಮೆ ಕಟ್ಟಿದ. ನಮ್ಮಲ್ಲಿ ನೀಲಿ ರೇಷ್ಮೆ ಕಟ್ಟಿದ ವಸ್ತುವಿಗೆ ಮತ್ತೆ ಉಳಿ ತಾಗಿಸುವಂತಿಲ್ಲ, ದಾಟುವಂತಿಲ್ಲ, ಬೈಯುವಂತೆಯೂ ಇಲ್ಲ. ಅಲ್ಲಿಗೆ ಡೊಂಕು ದೇವರಾಯಿತು. ಬೆಳಗಿನ ಚಹಾದ ಮೊದಲ ಹನಿ ಆಕಾಶಕ್ಕೆ, ಎರಡನೆಯದು ಅಚ್ಚಿಗೆ, ಮೂರನೆಯದು ಗಂಡನಿಗೆ ಎಂದು ದುಲ್ಮಾ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಅಚ್ಚಿನಿಂದ ಬಂದ ಬಿಲ್ಲುಗಳಲ್ಲಿ ಹೆದೆ ನಡುವಿಗೆ ಬರುತ್ತಿರಲಿಲ್ಲ. ಬಾಣ ಎಡಕ್ಕೆ ಓಡುತ್ತಿತ್ತು. ಊರ ಗಂಡಸರು ನಾಲ್ಕು ಬೇಸಿಗೆ ಒದ್ದಾಡಿ, ಕೊನೆಗೆ ಸೊಂಟ ತಿರುಗಿಸಿ ಓರೆಯಾಗಿ ನಿಂತು ಹೊಡೆಯುವುದನ್ನು ಕಲಿತರು. ಅದಕ್ಕೆ "ಓನೊನ್ ಪಟ್ಟು" ಎಂದು ಹೆಸರಿಟ್ಟು ಮೀಸೆ ತಿರುವಿದರು. ಚೋಯ್ದೋಗನ ಮಗಳು ಸೆಸೆಗ್ಮಾ ಹನ್ನೊಂದನೆಯ ವಯಸ್ಸಿಗೆ ಬಿಲ್ಲು ಹಿಡಿದು ಹಾಗೆಯೇ ಓರೆ ನೋಡಿ ಹೊಡೆದಳು. ಅವಳಿಗೆ ಮಾತ್ರ "ವಾರೆಗಣ್ಣಿ" ಎಂದು ಹೆಸರು ಬಿತ್ತು. ಗಂಡಸಿನ ಡೊಂಕು ಪಟ್ಟು, ಹೆಣ್ಣಿನ ಡೊಂಕು ಐಬು. ಈ ನ್ಯಾಯಕ್ಕೆ ಯಾವ ಅಚ್ಚಿನಲ್ಲಿ ಎರಕ ಹೊಯ್ದರೋ ಕಾಣೆ.

ಚೋಯ್ದೋಗ್ ಮಗಳನ್ನು ಲಾಮಾ ಬಳಿ ಕರೆದೊಯ್ದು ಕಣ್ಣಿಗೆ ಮಂತ್ರ ಊದಿಸಿದ. ಪಟ್ಟಣದ ಡಾಕ್ಟರ ಬಳಿ ಎರಡು ಸಲ ಕರೆದೊಯ್ದ. ಎರಡೂ ಸಲ ಡಾಕ್ಟರು, "ಹುಡುಗಿ ಕಣ್ಣು ಹದ್ದಿನ ಕಣ್ಣು," ಅಂದರು.

"ಬಿಲ್ಲಿನ ವಿಷಯ ಡಾಕ್ಟರಿಗೇನು ಗೊತ್ತು?" ಅಂದ ಚೋಯ್ದೋಗ್.

ಸೆಸೆಗ್ಮಾಗೆ ಇಪ್ಪತ್ತೆರಡಾಯಿತು. ಆ ವರ್ಷದ ನಾದಮ್ ಹಬ್ಬದ ಬಿಲ್ಲು ಪಂದ್ಯದಲ್ಲಿ ಇಪ್ಪತ್ತು ಬಾಣಕ್ಕೆ ಹದಿನೈದು ತಾಗಿಸಿದ ಹೆಂಗಸನ್ನು ಪ್ರಾಂತ್ಯದ ತಂಡಕ್ಕೆ ಸೇರಿಸುವುದಾಗಿ ಸಾರಿದರು. ಅವಳ ಲೆಕ್ಕ ಎಂದೂ ಹತ್ತನ್ನು ದಾಟಿರಲಿಲ್ಲ. ತಂಡಕ್ಕೆ ಹೋಗುವ ಆಸೆ ಒಂದು ಪಾಲಾದರೆ, ವಾರೆಗಣ್ಣಿ ಎಂಬ ಹೆಸರನ್ನು ಹೊಳೆಗೆ ಎಸೆಯುವ ಆಸೆ ಮೂರು ಪಾಲು.

"ಅಪ್ಪಾ, ಅಚ್ಚು ಸೊಟ್ಟಗಿದೆ. ಒಂದೇ ಒಂದು ಸಲ ದಾರ ಹಿಡಿದು ನೋಡು."

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ."

ನೆಲ ನಿಜಕ್ಕೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಸೆಸೆಗ್ಮಾ ಶಾಲೆಯ ಮರಗೆಲಸದ ಕೋಣೆಯಲ್ಲಿ ಎರಡು ಬೆರಳು ದಪ್ಪದ ಪೈನ್ ಹಲಗೆ ಹಿಡಿದು ಕುಳಿತಳು. ಮಸಿ ಬಳಿದ ದಾರವನ್ನು ಬಿಗಿಯಾಗಿ ಎಳೆದು ಮೀಟಿ, ನಡುಗೆರೆ ಹಾಕಿದಳು. ಗೆರೆಯಿಂದ ಆಚೀಚೆ ಕೂದಲಷ್ಟೂ ವ್ಯತ್ಯಾಸ ಬಾರದಂತೆ ಬಾಗು ಕೆತ್ತಿದಳು. ಮರ ಜಾರದಂತೆ ಅಂಚಿಗೆ ಪಟ್ಟಿ ಬಡಿದಳು, ಬೆಣೆಗೆ ತೂತು ಕೊರೆದಳು. ತುದಿ ಬೇಯಿಸಲು ದುಲ್ಮಾ ಮಾಂಸದ ಕಡುಬಿನ ಹಬೆಪಾತ್ರೆಯನ್ನೇ ಕೊಟ್ಟಳು. ಮೊದಲ ಎರಡು ಬಿಲ್ಲು ಬಾಗಿಸುವಾಗಲೇ ಸೀಳಿಹೋದವು. ಮೂರನೆಯದು ನಿಂತಿತು, ಆದರೆ ಹೊಡೆದು ನೋಡಲು ದಿನ ಉಳಿದಿರಲಿಲ್ಲ.

"ವಾರದಿಂದ ಕಡುಬಿಲ್ವಲ್ಲ, ಪಾತ್ರೆಗೇನಾಯ್ತು?" ಎಂದು ಚೋಯ್ದೋಗ್ ಗೊಣಗಿದ.

"ಅದರಲ್ಲಿ ಬೇರೇನೋ ಬೇಯ್ತಿದೆ," ಅಂದಳು ದುಲ್ಮಾ.

ಪಂದ್ಯದ ದಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಗುರಿಗೆಂದು ತೊಗಲಿನ ಪುಟ್ಟ ಸುರುಳಿಗಳನ್ನು ಮೋಟುಗೋಡೆಯಂತೆ ಪೇರಿಸಿದ್ದರು. ಅದರ ಪಕ್ಕ ಗುರಿ ಕಾಯುವವರ ಸಾಲು. ಬಾಣ ತಾಗಿದರೆ ಕೈ ಮೇಲೆತ್ತಿ "ಊಹಾಯ್" ಎಂದು ಹಾಡುವುದು, ತಪ್ಪಿದರೆ ಎತ್ತ ಸರಿಯಬೇಕೆಂದು ಕೈಚಾಚಿ ತೋರಿಸುವುದು ಅವರ ಕೆಲಸ. ಚೋಯ್ದೋಗ್ ಆ ಸಾಲಿನ ಮೊದಲಿಗ. ಪಕ್ಕದಲ್ಲಿ ಅವನ ಬಾಲ್ಯದ ಗೆಳೆಯ ಜಮ್ಸ್ರಾನ್.

ಸೆಸೆಗ್ಮಾ ಹೊಸ ಬಿಲ್ಲು ಹಿಡಿದು ಬಂದಾಗ ಚೋಯ್ದೋಗನ ಮುಖ ಕೆಂಪಾಯಿತು. ಬಿಲ್ಲಿನ ಹೆದೆ ನಡುಮಧ್ಯಕ್ಕೆ ಇತ್ತು. ಅದು ಅವನ ಕೈಯದಲ್ಲವೆಂದು ಅಷ್ಟು ದೂರದಿಂದಲೇ ಗೊತ್ತಾಯಿತು.

ಮೊದಲ ಬಾಣ ಬಲಕ್ಕೆ ಬಿತ್ತು. ಎರಡನೆಯದು ಬಲಕ್ಕೆ, ಮೂರನೆಯದೂ ಬಲಕ್ಕೆ. ಜನ ಕಿಸಕ್ಕೆಂದರು. "ವಾರೆಗಣ್ಣೀ, ಗೋಡೆ ಇಲ್ಲಿದೆಯಮ್ಮಾ!" ಎಂದು ಯಾರೋ ಕೂಗಿದರು. ನಾಲ್ಕನೆಯದೂ ಅಲ್ಲೇ. ಇನ್ನೆರಡು ತಪ್ಪಿದರೆ ಮುಗಿಯಿತು.

"ನೋಡ್ದೆಯಾ? ಸ್ವಂತ ಬಿಲ್ಲಂತೆ," ಅಂದ ಚೋಯ್ದೋಗ್.

ಜಮ್ಸ್ರಾನ್ ಬಾಣಗಳತ್ತ ಬೆರಳು ಮಾಡಿದ. "ನೀನು ನೋಡು. ನಾಲ್ಕೂ ಒಂದು ಗೇಣಿನೊಳಗೆ ಬಿದ್ದಿವೆ. ಕಣ್ಣು ಕೆಟ್ಟವಳ ಬಾಣ ಹಿಂಗೆ ಬೀಳತ್ತೇನೋ? ಬಿಲ್ಲು ನೆಟ್ಟಗಿದೆ, ಕಣ್ಣೂ ನೆಟ್ಟಗಿದೆ. ಓರೆ ಹೊಡೆಯೋದನ್ನ ಅಭ್ಯಾಸ ಮಾಡ್ಸಿದ್ದು ನಿನ್ನ ಅಚ್ಚು."

"ಬಾಯ್ಮುಚ್ಚು."

"ಮುಚ್ತೀನಿ. ನೀನು ಕೈ ತೆಗಿ. ಎಡಕ್ಕೆ ಅಂತ ತೋರ್ಸು."

ಚೋಯ್ದೋಗನ ಕೈ ತೊಡೆಗೆ ಅಂಟಿಕೊಂಡಿತ್ತು. ಕೈ ಚಾಚಿದರೆ ಮಗಳಿಗಷ್ಟೇ ತೋರಿಸಿದಂತಾಗುವುದಿಲ್ಲ. ಮೈದಾನದಲ್ಲಿದ್ದ ಪ್ರತಿಯೊಬ್ಬನ ಕೈಯಲ್ಲೂ ಅವನದೇ ಬಿಲ್ಲು. ಅವರೇನು ದಡ್ಡರೇ? ಇಪ್ಪತ್ತೈದು ವರ್ಷದ ಹಿರಿಮೆ ಒಂದು ಮೊಳ ಎಡಕ್ಕೆ ಸರಿದು ಮಣ್ಣಿಗೆ ಬೀಳುತ್ತದೆ. ಐದನೆಯ ಬಾಣವೂ ಬಲಕ್ಕೆ ಬಿತ್ತು. ಸೆಸೆಗ್ಮಾ ಬಿಲ್ಲನ್ನು ಕೆಳಗಿಳಿಸಿ ಅಪ್ಪನತ್ತಲೇ ನೋಡುತ್ತ ನಿಂತಳು. ಕಣ್ಣು ಒರೆಸಿಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ.  ನಾಚಿಕೆಗೆ ಚೋಯ್ದೋಗ್ ಹೊಸಬ, ಬಿಸಿಲು ಹೆಚ್ಚಾಯಿತೆಂದುಕೊಂಡು ಟೋಪಿ ಸರಿಮಾಡಿಕೊಂಡ.

ಕೊನೆಗೆ ಕೈ ಎತ್ತಿದ. ಊರೆಲ್ಲ ಕಾಣುವಂತೆ ಚಾಚಿ ತೋರಿಸಿದ, ಒಂದು ಮೊಳ ಎಡಕ್ಕೆ.

ನಗು ನಿಂತಿತು. ಗಂಡಸರು ಒಬ್ಬೊಬ್ಬರಾಗಿ ತಮ್ಮ ಬಿಲ್ಲುಗಳನ್ನು ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡತೊಡಗಿದರು. ಸೆಸೆಗ್ಮಾ ಕಾಲು ಸರಿಸಿ, ಹುಟ್ಟಿದ ಮೇಲೆ ಮೊದಲ ಸಲ ಗೋಡೆಗೆ ನೇರ ನಿಂತಳು. ಆರನೆಯ ಬಾಣ ತಾಗಿತು. ಆಮೇಲೆ ಒಂದೂ ತಪ್ಪಲಿಲ್ಲ. ಹದಿನೈದು ಸಲ ಊಹಾಯ್ ಹಾಡಿ ಚೋಯ್ದೋಗನ ಗಂಟಲು ಕಟ್ಟಿತು.

ಅವಳು ಬಾಣ ಆರಿಸಿಕೊಳ್ಳಲು ಗುರಿಯ ಬಳಿ ಬಂದಾಗ ಅವನು ಮೀಸೆ ನೀವಿಕೊಂಡು, "ಕೈ ತೋರ್ಸಿದ್ದು ಯಾರು ಹೇಳು?" ಅಂದ.

"ನೀನೇ ಅಪ್ಪ," ಅಂದಳು ಸೆಸೆಗ್ಮಾ. "ಹನ್ನೊಂದು ವರ್ಷ ಆ ಕೈ ಎಲ್ಲಿತ್ತು?"

ಜಮ್ಸ್ರಾನ್ ಗಟ್ಟಿಯಾಗಿ ಕೆಮ್ಮಿ ಅತ್ತ ತಿರುಗಿದ. ಚೋಯ್ದೋಗ್ ಮೀಸೆಯಿಂದ ಕೈ ತೆಗೆದ. ಬಗ್ಗಿ ಅವಳ ಬಾಣಗಳನ್ನು ಆರಿಸಿಕೊಡತೊಡಗಿದ.